ಅರ್ವಿದ್‌ನ ಕೋಣೆಯಲ್ಲಿ ಮೊದಲ ರಾತ್ರಿ

ಕಟ್ಟಿದವನು ಮಲಗದ ಕೋಣೆಯನ್ನು ಅತಿಥಿಗೆ ಕೊಡುವಂತಿಲ್ಲ. ಪ್ರತಿ ಚಳಿಗಾಲ ಹಿಮದ ಹೋಟೆಲು ಕಟ್ಟುವ ನಮ್ಮೂರಿನವರ ಕಟ್ಟಳೆ ಅದು. ಕಟ್ಟಿದವನು ಬಾರದಿದ್ದರೆ ಅವನ ಮನೆಯವರು ಮಲಗಬೇಕು. ಅವರೂ ಒಲ್ಲೆ ಎಂದರೆ ಆ ಕೋಣೆ ಸಲಿಕೆ, ಗರಗಸ ಇಡುವ ಉಗ್ರಾಣವಾಗುತ್ತದೆ.

ನನ್ನ ಗಂಡ ಅರ್ವಿದ್ ಮಾರ್ಚ್‌ನಲ್ಲಿ ತೋರ್ನೆ ನದಿಯ ಮಂಜುಗಡ್ಡೆ ಕೊಯ್ದು ಶೀತಗೃಹಕ್ಕೆ ಸೇರಿಸಿದ. ಜೂನ್‌ನಲ್ಲಿ ತೀರಿಕೊಂಡ. ನವೆಂಬರ್ ಕಳೆಯುವಷ್ಟರಲ್ಲಿ ಅವನ ಗೆಳೆಯ ಆಂತೆ ಅದೇ ಗಡ್ಡೆಗಳಿಂದ, ಅವನು ಹೇಳಿದ್ದಂತೆಯೇ ಕೋಣೆ ಕಟ್ಟಿ ಮುಗಿಸಿದ. ಮಂಚದ ಮೇಲ್ಗಡೆ, ಗುಳ್ಳೆಯೊಂದೂ ಇಲ್ಲದ ಗಾಜಿನಂಥ ಒಂದೇ ಮಂಜುಗಡ್ಡೆಯ ಹಲಗೆ. ಮಲಗಿದವರಿಗೆ ನದಿಯನ್ನು ಅಡಿಯಿಂದ ನೋಡಿದಂತಿರಬೇಕು. ಅರ್ವಿದ್‌ಗೆ ಬೇಕಿದ್ದದ್ದು ಅಷ್ಟೆ.

"ನಾಳೆ ಮಧ್ಯಾಹ್ನ ಅತಿಥಿಗಳು ಬರ್ತಾರೆ ಇಂಗೆಲಾ." ಆಂತೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಟೋಪಿ ಹಿಂಡುತ್ತಾ ನಿಂತಿದ್ದ. "ಇವತ್ತು ಯಾರೂ ಮಲಗ್ಲಿಲ್ಲ ಅಂದ್ರೆ ನಾಳೆ ಅದ್ರೊಳಗೆ ಸಲಿಕೆ ಇಡಬೇಕಾಗತ್ತೆ."

"ನೀನೇ ಮಲಗು. ಕಟ್ಟಿದ್ದು ನೀನು ತಾನೆ?"

"ನಾನು ಕೈ ಆಡಿಸ್ದೆ ಅಷ್ಟೆ. ಕೋಣೆ ಅವ್ನದು."

ನನಗೆ ಚಳಿಯ ಭಯವಿರಲಿಲ್ಲ. ಜೂನ್‌ನಿಂದ ನನಗೆ ಏನೂ ಅನ್ನಿಸಿರಲಿಲ್ಲ. ಅಲ್ಲಿ ಮಲಗಿದಾಗಲೂ ಏನೂ ಅನ್ನಿಸದೆ ಹೋದರೆ?

ಅತ್ತೆ ಹಿಲ್ಲೆವಿ ನಮ್ಮ ಕಡೆಯ ರೂಢಿಯಂತೆ ಬಿಸಿ ಕಾಫಿಯೊಳಗೆ ಚೀಸಿನ ತುಂಡು ಮುಳುಗಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. "ಮಂಚ ಇಬ್ರದು ತಾನೆ? ನಾನೂ ಬರ್ತೀನಿ. ಹೆತ್ತೋಳಿಗೂ ಪಾಲಿದೆ."

"ನಿಮ್ಮ ಮಂಡಿ, ಅತ್ತೆ..."

"ಮಂಡಿ ಮನೇಲೂ ನೋಯತ್ತೆ. ಒಂದಿನ ದೊಡ್ಡ ಹೋಟ್ಲಲ್ಲಿ ನೋಯ್ಲಿ ಬಿಡು."

ಹಾಗೆ ಹೊರಟೆವು. ಬಟ್ಟೆ ಬದಲಿಸಲು ನಾನು ಹೋಟೆಲಿನ ಬೆಚ್ಚಗಿನ ಕಟ್ಟಡಕ್ಕೆ ಹೋಗಿ ಬಂದಾಗ ಅತ್ತೆ ಮಂಚದ ಮೇಲಿಂದ ಕಷ್ಟಪಟ್ಟು ಇಳಿಯುತ್ತಿದ್ದರು.

"ಏನ್ ಮಾಡ್ತಿದ್ರಿ ಅಲ್ಲಿ?"

"ಏನಿಲ್ಲ. ಬಚ್ಚಲಿಗೆ ಹೋಗ್ಬಂದ್ಯಾ? ನಡುರಾತ್ರೀಲಿ ಎದ್ದು ಮಲಗೋ ಚೀಲ ಬಿಚ್ಚಿದ್ರೆ ನಾನು ಸುಮ್ನಿರಲ್ಲ ನೋಡು."

ಹಿಮಸಾರಂಗದ ಚರ್ಮದ ಮೇಲೆ, ನಮ್ಮ ನಮ್ಮ ಮಲಗುಚೀಲದೊಳಗೆ ಸೇರಿಕೊಂಡೆವು. ಹಿಮದ ಗೋಡೆಗಳು ಸದ್ದನ್ನೆಲ್ಲ ನುಂಗಿಬಿಡುತ್ತವೆ. ಮೇಲೆ ಮಂಜುಗಡ್ಡೆಯೊಳಗೆ ತಿಳಿಹಸಿರು ಬೆಳಕಿತ್ತು. ಚೆನ್ನಾಗಿದೆ ಎಂದು ಗೊತ್ತಾಗುತ್ತಿತ್ತು. ಗೊತ್ತಾಗುತ್ತಿತ್ತು, ಅಷ್ಟೆ.

"ಚಿಕ್ಕೋನಿದ್ದಾಗ ಇವ್ನು ಚಳೀಲಿ ಕೊಟ್ಟಿಗೆಯ ಕಬ್ಬಿಣದ ಚಿಲಕ ನೆಕ್ಕಿ ನಾಲಿಗೆ ಅಂಟಿಸ್ಕೊಂಡಿದ್ದ," ಅತ್ತೆ ಇದ್ದಕ್ಕಿದ್ದಂತೆ ಹೇಳಿದರು. "ಎರಡು ಸಲ."

"ಎರಡನೇ ಸಲ ಯಾಕೆ?"

"ಮೊದಲ್ನೇ ಸಲ ರುಚಿ ಸರಿಯಾಗಿ ಗೊತ್ತಾಗ್ಲಿಲ್ವಂತೆ."

ನನ್ನ ಮೂಗಿನಿಂದ ಸಣ್ಣ ನಗು ಹೊರಟು ಹಬೆಯಾಗಿ ಮೇಲೇರಿತು. ಸ್ವಲ್ಪ ಹೊತ್ತಿಗೆ ಅತ್ತೆ ಗೊರಕೆ ಹೊಡೆಯತೊಡಗಿದರು. ನನಗೂ ನಿದ್ದೆ ಹತ್ತಿಬಿಟ್ಟಿತು.

ಬೆಳಿಗ್ಗೆ ಆಂತೆ ಕೆಂಪು ಲಿಂಗನ್ ಹಣ್ಣಿನ ಬಿಸಿ ಪಾನಕ ಹಿಡಿದು ಪರದೆ ಸರಿಸಿದವನು ಅಲ್ಲೇ ನಿಂತ.

"ದೇವ್ರೇ! ಗಾಳಿಕಿಂಡಿ ಮುಚ್ಚಿದ್ದು ಯಾರು?"

ತಲೆಯ ಮೇಲೆ ನದಿಯೇ ಇರಲಿಲ್ಲ. ಹಲಗೆಯ ತುಂಬ ಹಕ್ಕಿಯ ಪುಕ್ಕದಂಥ ಬಿಳಿ ಮಂಜು ದಟ್ಟವಾಗಿ ಬೆಳೆದಿತ್ತು. ಮಂಚದ ತಲೆದೆಸೆಯ ಕಿಂಡಿಯಲ್ಲಿ ಅತ್ತೆಯ ಉಣ್ಣೆಯ ಕೈಗವಸೊಂದು ಗಟ್ಟಿಯಾಗಿ ತುರುಕಿಕೊಂಡಿತ್ತು.

"ಏನಮ್ಮಾ ಇದು? ನೀವು ಈ ಊರಿನೋರಾಗಿ ಹೀಗ್ ಮಾಡೋದಾ!"

"ಗಾಳಿ ನುಗ್ಗೋ ತೂತು ಕಂಡ್ರೆ ಮುಚ್ಚೋದೇ ಈ ಊರಿನೋರು ಕಣೋ. ಬೇರೆಯೋರಾಗಿದ್ರೆ ಹಾಗೇ ಬಿಟ್ಟಿರೋರು."

"ಉಸಿರೆಲ್ಲ ಒಳಗೇ ನಿಂತು ಮಂಜಾಗಿದೆ. ಹಲಗೆ ತಿಳಿಯಾಗ್ದಿದ್ರೆ ಈ ಕೋಣೆ ಹೇಗೆ ಕೊಡ್ಲಿ?" ಆಂತೆ ಪಾನಕ ಕೆಳಗಿಟ್ಟು ಬಿರುಸುಗೂದಲಿನ ಬ್ರಷ್ಷು ತಂದ.

"ಕೊಡಿಲ್ಲಿ," ಎಂದೆ.

ಅವನು ಬ್ರಷ್ಷನ್ನು ನನ್ನ ಕೈಗಿಟ್ಟ. ನಾನು ಮಂಚದ ಮೇಲೆ ನಿಂತು ಉಜ್ಜತೊಡಗಿದೆ. ಪುಕ್ಕಗಳು ಮುಖದ ಮೇಲೆ, ಕತ್ತಿನೊಳಗೆ ಉದುರಿದವು. ರಾತ್ರಿಯೆಲ್ಲ ನಾವಿಬ್ಬರು ಉಸಿರಾಡಿದ್ದು ಅದು.

"ಇದ್ರಲ್ಲಿ ಮುಕ್ಕಾಲು ಪಾಲು ನಿಮ್ಮ ಗೊರಕೆನೇ ಅತ್ತೆ."

"ಮುಚ್ಚೇ ಬಾಯಿ. ನೀನೇನು ಉಸಿರು ಬಿಗಿಹಿಡ್ಕೊಂಡು ಮಲಗಿದ್ಯಾ?"

ಇಲ್ಲ. ನಾನೂ ಉಸಿರಾಡಿದ್ದೆ. ನನ್ನ ಮಗ್ಗುಲಿನ ಮೇಲೂ ಅಷ್ಟೇ ದಟ್ಟವಾಗಿ ಬೆಳೆದಿತ್ತು.

ಒಂದು ಕಡೆ ಮಂಜು ಬ್ರಷ್ಷಿಗೆ ಬಿಡಲಿಲ್ಲ. ಕೈಗವಸು ಕಿತ್ತು ಅಂಗೈ ಒತ್ತಿದೆ.

"ಬರಿಗೈ ಬೇಡ! ಗುರುತು ಉಳಿಯತ್ತೆ!" ಆಂತೆ ಕೂಗಿದ.

ತೆಗೆಯಲಿಲ್ಲ. ಮೊದಲು ಚುಚ್ಚಿತು, ಆಮೇಲೆ ಉರಿಯಿತು. ನನ್ನ ಕೈಯ ಬಿಸಿಗೆ ಮಂಜು ಕರಗಿ ನೀರು ಮುಂಗೈಯಿಂದ ಅಂಗಿಯ ತೋಳಿನೊಳಗೆ ಇಳಿದು ಮೊಳಕೈವರೆಗೆ ಹರಿಯಿತು.

"ನೋಯ್ತಿದೆ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅತ್ತೆ ಮಲಗುಚೀಲದೊಳಗಿಂದಲೇ ನನ್ನನ್ನು ನೋಡಿದರು. ಆಮೇಲೆ, "ಎಡಗಡೆ ಇನ್ನೂ ಸ್ವಲ್ಪ ಉಳ್ದಿದೆ ನೋಡು," ಎಂದರು.

ಆಂತೆ ಮುಖ ತಿರುಗಿಸಿಕೊಂಡು ಹೊರಗೆ ನಡೆದ. ಕೋಣೆ ಸಿದ್ಧವಾಗ್ತಿದೆ, ಅತಿಥಿಗಳಿಗೆ ಕೊಡಬಹುದು ಎಂದು ಓಣಿಯಲ್ಲಿ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ನಾನು ಕೈಗವಸು ಹಾಕಿಕೊಂಡು ಎಡಕ್ಕೆ ಸರಿದೆ.