ವಿಜಯದ ಚಹಾಕೂಟ

"ಒಂದು ಜೊತೆ ಗ್ಲೌಸಲ್ಲಿ ಮೂರು ಮುಕುಳಿ ತೊಳೆಯಕ್ಕಾಗಲ್ವೇನೇ ನಿಂಗೆ? ಡಬ್ಬಿಗಟ್ಲೆ ಖಾಲಿ ಮಾಡ್ತೀಯಲ್ಲೇ, ದರಿದ್ರದೋಳೆ!"

ಅಂಬುಜಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತಿದ್ದಳು. ನಾಗಮಣಿ ಎಂಬತ್ತರ ಮೆಗನಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ, ತೊಡೆಸಂದಿಯಲ್ಲಿ ಒಣಗಿ ಅಂಟಿದ್ದ ಹೇಲನ್ನು ಬರಿಗೈಯಲ್ಲೇ ಒರೆಸಿದಳು. ನಿನ್ನೆ ಸಂಜೆಯಿಂದ ಹಾಸಿಗೆಯನ್ನು ಯಾರೂ ಬದಲಿಸಿರಲಿಲ್ಲ.

"ಕೈ ತೊಳ್ಕೊಂಡ್ರೂ ಅಡುಗೆಮನೆ ಕಡೆ ಬರಬೇಡ. ಟಿವಿಡೇಲ್ ದೇವಸ್ಥಾನದ ಪ್ರಸಾದ ಇಟ್ಟಿದೀನಿ. ನೀನು ಮುಟ್ಟಿದ್ರೆ ಯಾರು ತಿಂತಾರೆ?"

ಇಂಗ್ಲೆಂಡಿನ ಸೊಲಿಹಲ್‌ನ ಈ ವೃದ್ಧಾಶ್ರಮ ಅಂಬುಜಮ್ಮನ ಗಂಡ ಉಮಾಶಂಕರನದು. ಮಳವಳ್ಳಿ ಕಡೆಯ ನಾಗಮಣಿಯನ್ನು ಇಲ್ಲಿಗೆ ಕೆಲಸಕ್ಕೆ ಕರೆತಂದವನೂ ಅವನೇ. ಅವಳ ವೀಸಾ ಇನ್ನು ಹನ್ನೊಂದು ದಿನದಲ್ಲಿ ಮುಗಿಯುತ್ತಿತ್ತು. ಮುಂದುವರಿಯಬೇಕಾದರೆ ಅವನ ಸಹಿ ಬೇಕು. ಕಾಗದ ಒಂದು ತಿಂಗಳಿಂದ ಅವನ ಮೇಜಿನ ಮೇಲೆ ಬಿದ್ದಿತ್ತು.

ಅದು ಎರಡು ಸಾವಿರದ ಐದನೆಯ ಇಸವಿಯ ಮೇ ತಿಂಗಳು. ಮಹಾಯುದ್ಧ ಮುಗಿದು ಅರವತ್ತು ವರ್ಷವಾಯಿತೆಂದು ಉಮಾಶಂಕರ ಚಹಾಕೂಟ ಇಟ್ಟಿದ್ದ. ಆಶ್ರಮದಲ್ಲಿ ಇನ್ನೂ ಹತ್ತು ಮಂಚ ಹಾಕಲು ಅನುಮತಿ ಕೊಡಿಸಬೇಕಾದ ಕೌನ್ಸಿಲರ್ ಬರುವವರಿದ್ದರು. ಅವರ ತಾಯಿ ವೇಲ್ಸ್‌ನವರಂತೆ. "ನಮ್ಮಲ್ಲಿ ವೇಲ್ಸ್ ಹಾಡು ಹೇಳೋರು ಯಾರಾದ್ರೂ ಇದಾರೇನೇ?" ಎಂದು ಅವನು ಕೇಳಿದಾಗ, ಸಹಿಯ ಆಸೆಗೆ ನಾಗಮಣಿಯೇ ಬಾಯಿಬಿಟ್ಟಿದ್ದಳು.

"ಅವ್ರೆ ಸಾ. ಮೆಗನಜ್ಜಿ ನೀರು ಹಾಕುವಾಗ ಒಂದ್ ಹಾಡ್ ಗುನುಗ್ತದೆ. ಎಲ್ಡ್ ಸಾಲ್ ಆದ್ಮೇಕೆ ನಿಲ್ಲಿಸ್ಬುಡ್ತದೆ."

ಯಾಕೆ ನಿಲ್ಲಿಸುತ್ತಾಳೆಂದು ಅವಳು ಕೇಳಿರಲಿಲ್ಲ. ಇವತ್ತು ಬಟ್ಟೆ ತೊಡಿಸುತ್ತ ಕೇಳಿದಳು. ಇಂಗ್ಲಿಷ್ ಇಬ್ಬರಿಗೂ ಮನೆಮಾತಲ್ಲ. ಅದಕ್ಕೇ ಇಬ್ಬರೂ ನಿಧಾನವಾಗಿ ಆಡುತ್ತಿದ್ದರು.

ಅರವತ್ತು ವರ್ಷದ ಹಿಂದೆ, ಆಗ ಮೆಗನಳಿಗೆ ಇಪ್ಪತ್ತು. ವೇಲ್ಸ್‌ನ ಒಂದು ಗಣಿ ಊರು. ಮದುವೆಯಾಗದೆ ಬಸುರಿ. ಊರಿನ ಪ್ರಾರ್ಥನಾಮಂದಿರವಾದ ಚಾಪೆಲಿನ ಹಿರಿಯರು ತಮ್ಮ ಎತ್ತರದ ಪೀಠದಲ್ಲಿ ಕೂತು, ಅವಳನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ, ಸಭೆಯ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಅದೇ ವಾರ ಯುದ್ಧ ಮುಗಿಯಿತು. ಚಾಪೆಲಿನ ಹಿಂದಿನ ಕೋಣೆಯಲ್ಲಿ ಉದ್ದುದ್ದ ಮೇಜು, ಕೇಕು, ಬಾವುಟ. ಅವಳನ್ನೂ ಕರೆದರು, ಕಪ್ಪು-ಬಸಿ ತೊಳೆಯಲು.

"ಗೋಡೆಯಾಚೆ ಇಡೀ ಊರು ಆ ಹಾಡು ಹಾಡುತ್ತಿತ್ತು. ಅದರಲ್ಲಿ ನಮ್ಮಪ್ಪನ ದನಿ ನನಗೆ ಬೇರೆಯಾಗಿಯೇ ಕೇಳಿಸಿತು," ಎಂದಳು ಅಜ್ಜಿ. "ನನ್ನ ಪಾಲಿನ ಚಹಾ ಹಿತ್ತಲ ಮೆಟ್ಟಿಲ ಮೇಲೆ ಇಟ್ಟಿದ್ದರು. ಜನರ ಮುಂದೆ ನಾನು ಅದನ್ನು ಹಾಡುವುದಿಲ್ಲ, ಮಣಿ."

ನಾಗಮಣಿ ಬಗ್ಗಿ ಅಜ್ಜಿಯ ಉಳಿದ ಗುಂಡಿಗಳನ್ನು ಹಾಕಿದಳು.

ಮಧ್ಯಾಹ್ನ ಹಜಾರದಲ್ಲಿ ಕೌನ್ಸಿಲರ್, ಪತ್ರಿಕೆಯ ಫೋಟೋದವನು, ಟೋಪಿ ತೊಟ್ಟ ಹೆಂಗಸರು. ಮೆಗನಜ್ಜಿಯ ಗಾಲಿಕುರ್ಚಿಯನ್ನು ನಡುಮಧ್ಯಕ್ಕೆ ತಂದಿದ್ದರು. ಅವಳು ತುಟಿ ಬಿಗಿದು ನೆಲ ನೋಡುತ್ತಿದ್ದಳು. ಉಮಾಶಂಕರ ಜೇಬಿನಿಂದ ವೀಸಾದ ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ನಗುನಗುತ್ತಲೇ ನಾಗಮಣಿಯ ಕಿವಿಯ ಹತ್ತಿರ ಬಗ್ಗಿದ.

"ಶುರು ಮಾಡ್ಸೇ. ಇಲ್ಲೇ ಸೈನ್ ಹಾಕ್ತೀನಿ."

"ಆಯಮ್ಮ ಹಾಡಾಕಿಲ್ವಂತೆ ಸಾ."

"ಚಿವುಟೇ, ತಾನೇ ಬಾಯಿಬಿಡ್ತಾಳೆ. ಹೊಲಗೇರಿಯಿಂದ ಎತ್ತಿ ತಂದು ಪ್ಲೇನ್ ಹತ್ತಿಸಿದೀನಿ, ನೆನಪಿರಲಿ."

ಕೌನ್ಸಿಲರ್ ಇತ್ತ ತಿರುಗಿ ನಕ್ಕರು. ಉಮಾಶಂಕರನೂ ಹಲ್ಲು ಬಿಟ್ಟ. ಅದೇ ನಗೆಯಲ್ಲಿ, "ಚಿವುಟೇ ಮುಂಡೆ," ಎಂದ.

"ನಿನ್ ಸೈನ್‌ಗೆ ನನ್ ಎಕ್ಕಡ ಬಡಿಯಾ!"

ಕನ್ನಡ ಅರ್ಥವಾಗುವವರು ಅಲ್ಲಿದ್ದುದು ಇಬ್ಬರೇ, ಗಂಡ ಮತ್ತು ಹೆಂಡತಿ. ನಾಗಮಣಿ ಕಾಲಿನಿಂದ ಗಾಲಿಯ ಬ್ರೇಕು ಒದ್ದು, ಕುರ್ಚಿಯನ್ನು ತಿರುಗಿಸಿ, ಟೋಪಿಯ ಹೆಂಗಸರ ನಡುವೆ ನುಗ್ಗಿಸಿದಳು. ಕ್ಯಾಮೆರಾ ಫಳಕ್ಕೆಂದಿತು.

"ಎಲ್ಲಿಗೆ?" ಎಂದಳು ಅಜ್ಜಿ, ಅಂಗಳಕ್ಕೆ ಬಂದ ಮೇಲೆ.

ನಾಗಮಣಿಗೆ ಗೊತ್ತಿರಲಿಲ್ಲ. ಗೇಟಿನ ಬಳಿ ಗಾಲಿ ಜಲ್ಲಿಯಲ್ಲಿ ಹೂತುಕೊಂಡಿತು. ಅವಳು ಬೆನ್ನು ಬಗ್ಗಿಸಿ ಭುಜ ಕೊಟ್ಟು ದೂಡಿದಳು. ಒಳಗೆ ಜನ, ಮುದುಕಿಗೆ ಹಳೆಯ ನೆನಪು ಉಕ್ಕಿ ಬಂತೆಂದುಕೊಂಡು, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.