ಮೂರನೇ ಚರಣದಾಚೆ

೧
ಎಲ್ಲಿಂದ ಶುರು ಮಾಡಲಿ? ‘ಅವನು ಗಿಟಾರ್ ಎತ್ತಿಕೊಂಡ’ ಅಂತ ಬರೆದೆ, ಹೊಡೆದುಹಾಕಿದೆ. ರಾಕ್ ಹಾಡುಗಾರರ ಕಥೆಗಳೆಲ್ಲ ಹಾಗೇ ಶುರುವಾಗುತ್ತವೆ. ಇವನದು ಹೊಲಿಗೆ ಮೆಷಿನ್ನಿನ ಕೆಳಗಿಂದ ಶುರುವಾಗಬೇಕು. ಅಲ್ಲಿ ಬಟ್ಟೆ ಚೂರುಗಳ ಮೇಲೆ ಮಲಗಿ, ಪೆಡಲಿನ ತಾಳಕ್ಕೆ ದೊಡ್ಡಮ್ಮ ಹೇಳುತ್ತಿದ್ದ ಜನಪದ ಹಾಡು ಕೇಳುತ್ತ ಬೆಳೆದವನು. ವರ್ಷಗಟ್ಟಲೆ ಜನರ ಕಿವಿ ಕಿತ್ತುಹೋಗುವಂತೆ ಅರಚಿ, ಈಗ ಆ ಹಾಡುಗಳದ್ದೇ ಆಲ್ಬಂ ಮಾಡುತ್ತಿದ್ದಾನೆ. (ವಯಸ್ಸಾಯಿತು ಅನ್ನಿ. ನನಗೂ ಆಗಿದೆ, ಅದಕ್ಕೇ ಇಂಥ ಕಥೆ.)

೨
ತೊಂದರೆ ಏನಪ್ಪಾ ಅಂದರೆ, ಯಾವ ಹಾಡಿಗೂ ಕೊನೆಯಿಲ್ಲ. ಎಲ್ಲವೂ ಮೂರನೇ ಚರಣಕ್ಕೆ ನಿಂತುಬಿಡುತ್ತವೆ. “ಅಣ್ಣಾ, ಆಮೇಲೆ?” ಎಂದು ಡ್ರಮ್ಮರ್ ಕೇಳಿದರೆ ಇವನು ಪಿಳಿಪಿಳಿ ಕಣ್ಣು ಬಿಡುತ್ತಾನೆ. ಚಿಕ್ಕಂದಿನಲ್ಲಿ ಅಷ್ಟು ಹೊತ್ತಿಗೆ ಇವನಿಗೆ ನಿದ್ದೆ ಹತ್ತಿರುತ್ತಿತ್ತು. ಕೊನೆಗೆ ದೊಡ್ಡಮ್ಮನನ್ನೇ ಸ್ಟುಡಿಯೋಗೆ ಕರೆತಂದ.

“ಒಂದಕ್ಕಾದ್ರೂ ಕೊನೇ ಚರಣ ಹೇಳ್ಕೊಡು ದೊಡ್ಡಮ್ಮ.”

“ನೀನು ಮಲಗಿದ್ಮೇಲೆ ಯಾರಿಗೋಸ್ಕರ ಹಾಡ್ಲೋ? ನಿಲ್ಲಿಸಿಬಿಡ್ತಿದ್ದೆ.”

“ನಿಂಗಾದ್ರೂ ಗೊತ್ತಿರ್ಬೇಕಲ್ಲ?”

“ನಮ್ಮಮ್ಮ ಹಾಡುವಾಗ ನಾನೂ ಮಲಗಿಬಿಡ್ತಿದ್ನಲ್ಲಪ್ಪಾ!”

ಅವನ ಮುಖ ಸಪ್ಪಗಾಯಿತು. ಆಲ್ಬಂ ನಡೆಯುತ್ತದೋ ಬಿಡುತ್ತದೋ, ಅದು ಅವನಿಗೆ ದೊಡ್ಡದಲ್ಲ. ದೊಡ್ಡಮ್ಮನ ಹಾಡನ್ನು ಅರೆಬರೆ ಹಾಡಿ ಕೆಡಿಸಿದೆನಲ್ಲ ಎಂಬುದೇ ಸಂಕಟ.

೨ (ಮತ್ತೆ)
ಲೇಖಕ ಅಂತ ಒಬ್ಬನಿರುವುದು ಯಾತಕ್ಕೆ? ನಾನೇ ಕೊನೇ ಚರಣ ಬರೆದುಕೊಟ್ಟೆ. ದೊಡ್ಡಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

“ನೀವ್ಯಾರಪ್ಪಾ ಮಧ್ಯದಲ್ಲಿ? ತೇಪೆ ಎದ್ದು ಕಾಣ್ತಿದೆ. ಬಿಚ್ಚಿ.”

ಬಿಚ್ಚಿದೆ.

೫
(ಮೂರು, ನಾಲ್ಕು ಹರಿದುಹಾಕಿದ್ದೇನೆ. ಮೂರರಲ್ಲಿ ಹಳೇ ಟ್ರಂಕಿನಲ್ಲಿ ಕೊನೇ ಚರಣ ಸಿಗುತ್ತಿತ್ತು, ನನಗೇ ನಾಚಿಕೆಯಾಯಿತು. ನಾಲ್ಕರಲ್ಲಿ ದೊಡ್ಡಮ್ಮ ವೇದಿಕೆ ಹತ್ತಿ ಅಳಬೇಕಿತ್ತು. “ನಾನ್ಯಾಕೆ ಅಳ್ಲಿ?” ಅಂದಳು.)

“ಇರೋದನ್ನೇ ಬಾರಿಸ್ರೋ, ಕೇಳೋಣ,” ಎಂದು ಅವಳು ಸೋಫಾದಲ್ಲಿ ಕೂತಳು.

ಡ್ರಮ್ಮು ಪೆಡಲಿನ ತಾಳಕ್ಕೇ ಬಿತ್ತು. ಗಿಟಾರ್ ಗೋಡೆ ನಡುಗುವಂತೆ ಕಿರುಚಿತು. ಮೊದಲ ಚರಣಕ್ಕೆ ದೊಡ್ಡಮ್ಮನ ಪಾದ ತಾನಾಗಿ ನೆಲ ತುಳಿಯತೊಡಗಿತು. ಎರಡನೆಯದಕ್ಕೆ ನಿಧಾನವಾಯಿತು. ಮೂರನೆಯದು ಮುಗಿಯುವಷ್ಟರಲ್ಲಿ ತಲೆ ವಾಲಿ, ಸಣ್ಣಗೆ ಗೊರಕೆ ಕೇಳಿಸಿತು.

ಡ್ರಮ್ಮರ್ ಪೆಚ್ಚಾದ. “ಇಷ್ಟ ಆಗ್ಲಿಲ್ಲ ಅನ್ಸುತ್ತೆ, ಅಣ್ಣಾ.”

“ಅಯ್ಯೋ ಮಂಕೇ,” ಅಂದ ಇವನು. ಕಣ್ಣು ತುಂಬಿತ್ತು. “ಸರಿಯಾಗಿ ಹಾಡಿದೀವಿ ಕಣೋ.” ತಂತಿಗಳ ಮೇಲೆ ಅಂಗೈಯಿಟ್ಟು ಸದ್ದಡಗಿಸಿದ.

ನನ್ನ ಹತ್ತಿರ ಇನ್ನೂ ಎರಡು ಮುಕ್ತಾಯಗಳಿವೆ, ನನ್ನಾಣೆ, ಚೆನ್ನಾಗಿವೆ. ಓದಿ ಹೇಳೋಣವೆಂದು ಬಾಯಿ ತೆರೆದೆ. ಅವನು ತುಟಿಯ ಮೇಲೆ ಬೆರಳಿಟ್ಟ.

“ಶ್! ಸಾಕು ನಿಲ್ಸಿ ಸಾರ್. ದೊಡ್ಡಮ್ಮ ಮಲಗಿದಾಳೆ.”