ಗುರವ್ವನ ಕೊರಳ ಪೇಟಿ

ಬೆಳುಂಕಿಯ ಗುರವ್ವ ಇಪ್ಪತ್ತು ವರ್ಷ ನಾಟಕಕ್ಕೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದ್ದು ಪರದೆಯ ಮರೆಯಲ್ಲಿ ಕೂತು, ಕಾಲಿನಿಂದ ಗಾಳಿ ಒತ್ತುತ್ತ. ಸುತ್ತಲಿನ ಊರುಗಳಿಗೆ ಅವಳ ಕೈಚಳಕ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅದು ಅವಳಿಗೆ ಹಿತವಾಗಿಯೇ ಇತ್ತು.

೧೯೭೫ರ ಬೇಸಿಗೆಯಲ್ಲಿ ನಾಟಕ ಮಂಡಳಿಯ ಯಜಮಾನ, ಅರಿವೆ ವ್ಯಾಪಾರಿ ದುಂಡಪ್ಪ, ಮಿರಜದಿಂದ ಹೊಸ ವಾದ್ಯವೊಂದನ್ನು ತಂದ. ಅಲ್ಲಿಯ ರಿಪೇರಿಯವನೊಬ್ಬ ಹಳೆಯ ಕರೆಂಟಿನ ಪೇಟಿಯನ್ನು ಎರಡು ಹೋಳು ಮಾಡಿದ್ದ. ಬೆರಳಿನಿಂದ ಒತ್ತುವ ಕರಿ ಬಿಳಿ ಮನೆಗಳ ಹಲಗೆಯನ್ನು ಚರ್ಮದ ಪಟ್ಟಾದಿಂದ ಕೊರಳಿಗೆ ತೂಗುಹಾಕಿಕೊಳ್ಳಬೇಕು. ದನಿ ಹೊರಡುವ ಡಬ್ಬಿಯೂ ಬ್ಯಾಟರಿಯೂ ಪರದೆಯ ಹಿಂದೆ. ನಡುವೆ ಹನ್ನೆರಡು ಮೊಳದ ವಾಯರು. ಮುಂಬಯಿಯಲ್ಲಿ ಈಗ ಹೀಗೆ ಅಡ್ಡಾಡುತ್ತಲೇ ಬಾರಿಸುತ್ತಾರೆಂದ ದುಂಡಪ್ಪ. ಗುರವ್ವ ಇನ್ನು ಸ್ಟೇಜಿನ ಮೇಲೆ, ಹಾಡುವವರ ಪಕ್ಕದಲ್ಲೇ ನಿಲ್ಲಬೇಕಂತೆ.

ಅವಳು ಹಲಗೆಯನ್ನು ಕೊರಳಿಗೆ ಹಾಕಿಕೊಂಡು ಒಂದು ಮನೆ ಒತ್ತಿದಳು. ಸ್ವರ ಬೆನ್ನ ಹಿಂದೆ ಕೇಳಿತು. ತಿರುಗಿ ನೋಡಿದಳು. ಮತ್ತೆ ಒತ್ತಿದಳು, ಮತ್ತೆ ತಿರುಗಿದಳು. ಬಾರಿಸುತ್ತಿರುವುದು ತಾನೋ, ಹಿಂದೆ ಯಾರೋ ತನ್ನನ್ನು ಅಣಕಿಸುತ್ತಿದ್ದಾರೋ? ಕೆಲಸವಿಲ್ಲದ ಕಾಲು ಸುಮ್ಮನೆ ನೆಲ ತುಳಿಯುತ್ತಿತ್ತು.

ಮೊದಲ ಪ್ರಯೋಗ ಸನಮಡಿಯ ಶಾಲೆಯ ಅಂಗಳದಲ್ಲಿ, ಸಂಜೆ. ಮಗನನ್ನು ಕಳೆದುಕೊಂಡ ತಂದೆಯ ಪಾತ್ರ ಕುರಿ ಕಾಯುವ ಅಮಸಿದ್ದನದು. ಅವನು ಅಳುವ ಹಾಡು ಎತ್ತಿಕೊಂಡ ಹೊತ್ತಿಗೇ ಒಂದು ಮನೆ ಒಳಗೆ ಸಿಕ್ಕಿಬಿತ್ತು. ಗುರವ್ವ ಬೆರಳೆತ್ತಿದರೂ ಸ್ವರ ನಿಲ್ಲಲಿಲ್ಲ. ಎರಡೂ ಕೈ ಮೇಲೆತ್ತಿ ನಿಂತಳು. ಅದು ತನ್ನ ಪಾಡಿಗೆ ಒಂದೇ ಸಮ ನುಡಿಯುತ್ತಿತ್ತು. ಅಮಸಿದ್ದ ಒಮ್ಮೆ ಅವಳತ್ತ ನೋಡಿದ. ಆಮೇಲೆ ಕಣ್ಣು ಮುಚ್ಚಿ, ಕಲಿತ ಧಾಟಿ ಬಿಟ್ಟು, ಆ ಒಂದು ಸ್ವರದ ಮೇಲೆ ತನಗೆ ತೋಚಿದಂತೆ ಹಾಡಿದ. ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾಟಕ ಮುಗಿದಾಗ ಜನ ಸುತ್ತುಗಟ್ಟಿದ್ದು ಗುರವ್ವನನ್ನು. ಕೈ ಹಚ್ಚದೆ ಬಾರಿಸಿದಳೆಂದು ಮುದುಕಿಯೊಬ್ಬಳು ಅವಳ ಬೆರಳು ಮುಟ್ಟಿ ನೋಡಿದಳು. ಪೇಟಿ ಕೆಟ್ಟಿತ್ತೆಂದರೆ ಒಬ್ಬರೂ ನಂಬಲಿಲ್ಲ.

ರಿಪೇರಿಯಾಯಿತು. ಮುಂದಿನ ವಾರ ಅಸಂಗಿಯಲ್ಲಿ ಅವಳು ಒಂದು ಸ್ವರವೂ ತಪ್ಪದಂತೆ ಬಾರಿಸಿದಳು. ಯಾರೂ ಅಳಲಿಲ್ಲ. ಸನಮಡಿಯಲ್ಲಿ ಬಾರಿಸಿದಂತೆ ಯಾಕೆ ಬಾರಿಸಲಿಲ್ಲವೆಂದು ದುಂಡಪ್ಪನೇ ಕೇಳಿದ. ದಿಕ್ಕು ತೋಚದೆ ಅವಳು ಅಮಸಿದ್ದನನ್ನು ಹುಡುಕಿಕೊಂಡು ಹೋದಳು. ಅವನು ಬಣ್ಣ ತೊಳೆದುಕೊಳ್ಳುತ್ತಿದ್ದ.

"ಕೆಟ್ಟಾಗ ಚಲೋ ಆತು, ಸರಿಯಾಗಿ ಬಾರಿಸಿದ್ರ ಆಗ್ಲಿಲ್ಲ. ನನಗೇನೂ ತಿಳೀವಲ್ದೋ ತಮ್ಮಾ."

ಅಮಸಿದ್ದ ಮುಖ ಒರೆಸಿಕೊಂಡ. "ದಿನಾ ನೀವು ನನ್ನ ಹಾಡಿನ ಬೆನ್ನ ಹತ್ತಿ ಬರ್ತೀರಿ, ಅಕ್ಕಾ. ಅವತ್ತ ಒಂದ ಕಡೆ ನಿಂತ್ರಿ. ನಾ ಎಲ್ಲೆಲ್ಲೋ ಹೋಗಿ ತಿರುಗಿ ಬರಾಕ ಬಂತು."

"ನಾ ಎಲ್ಲಿ ನಿಂತೆ? ನಿಂತದ್ದು ಪೇಟಿ."

ಅದೂ ಖರೆ ಎಂದು ಅವನು ತಲೆ ಕೆರೆದುಕೊಂಡ.

ಮರುದಿನ ಮಧ್ಯಾಹ್ನ ಗುರವ್ವ ಮನೆಯಲ್ಲಿ ಡಬ್ಬಿಗೆ ವಾಯರು ಜೋಡಿಸಿ, ಹಲಗೆಯನ್ನು ಕೊರಳಿಗೆ ಹಾಕಿಕೊಂಡು, ಒಂದೇ ಮನೆ ಒತ್ತಿ ಹಿಡಿದು ನಿಂತಳು. ಉಳಿದ ಬೆರಳುಗಳು ಓಡಲು ಹವಣಿಸಿದವು, ತಡೆದಳು. ಇದು ಕಲಿಕೆಯೋ ಹುಚ್ಚೋ ಅವಳಿಗೇ ಗೊತ್ತಾಗಲಿಲ್ಲ. ನಿಲ್ಲದ ಸ್ವರ ಕೇಳಿ ಒಳಗಿನಿಂದ ಸೊಸೆ ಮಲಕವ್ವ, ಮತ್ತೆ ಕೆಟ್ಟಿತೇನು ಎಂದು ಕೇಳಿದಳು.

"ಇಲ್ಲವ್ವ," ಎಂದಳು ಗುರವ್ವ. "ನಾನ ಹಿಡದೀನಿ."